ಮಾರ್ಫಿನ್, ನರ್ಸ್ ಮತ್ತು 32ನೇ ಕಲಂ: ಔಷಧ ಬರೆಯುವ ಅಧಿಕಾರದ ಮರುಪರಿಶೀಲನೆ

ನರ್ಸ್‌ಗಳಿಗೆ ಔಷಧ ಬರೆಯುವ ಅಧಿಕಾರ ಇರಬೇಕೆಂಬ ವಾದ ಹಳೆಯದು. ಬ್ರಿಟನ್ನಿನಲ್ಲಿ 1986ರ ಕಂಬರ್ಲೆಜ್ ವರದಿ ಅದನ್ನು ಎತ್ತಿತು, 1992ರ ಕಾಯ್ದೆ ಒಪ್ಪಿತು. 2012ರ ಹೊತ್ತಿಗೆ ಅರ್ಹತೆ ಪಡೆದ ನರ್ಸ್‌ಗಳು ಮಾರ್ಫಿನ್ ಸಹಿತ ಬಹುತೇಕ ನಿಯಂತ್ರಿತ ಔಷಧಗಳನ್ನು ಸ್ವತಂತ್ರವಾಗಿ ಬರೆಯುವಂತಾಯಿತು. ಉಗಾಂಡ ಇನ್ನೂ ಮುಂಚೆ, 2004ರಲ್ಲೇ, ಉಪಶಾಮಕ ಆರೈಕೆಯಲ್ಲಿ ತರಬೇತಾದ ನರ್ಸ್‌ಗಳಿಗೆ ಮಾರ್ಫಿನ್ ಬರೆಯುವ ಹಕ್ಕು ಕೊಟ್ಟಿತ್ತು. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಭಾರತದ ವಿಷಯದಲ್ಲಿ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಸೀಮಿತ ಪರವಾನಗಿ ಕೊಡಲು ಅವಕಾಶ ಮಾಡಿದೆ, ಹಾಗಾಗಿ ನರ್ಸ್‌ಗಳ ಪಾಲಿಗೆ ಬಾಗಿಲು ತೆರೆದಂತೆಯೇ ಎಂಬ ಮಾತು ಆಗಾಗ ಕೇಳಿಬರುತ್ತದೆ. ನನಗಿದು ಒಪ್ಪಿಗೆಯಿಲ್ಲ. ಆ ಕಲಮಿನಡಿ ನಿರ್ದಿಷ್ಟಪಡಿಸಿದ ಔಷಧಗಳನ್ನು ಸ್ವತಂತ್ರವಾಗಿ ಬರೆಯಬಹುದಾದದ್ದು ಪ್ರಾಥಮಿಕ ಹಾಗೂ ರೋಗತಡೆ ಆರೈಕೆಯಲ್ಲಿ ಮಾತ್ರ. ಮಿಕ್ಕಿದ್ದಕ್ಕೆ ವೈದ್ಯರ ಮೇಲ್ವಿಚಾರಣೆ ಬೇಕು. ಕ್ಯಾನ್ಸರ್ ನೋವಿನ ಶಮನವನ್ನು ಪ್ರಾಥಮಿಕ ಆರೈಕೆಯೆಂದು ವಾದಕ್ಕೆ ಒಪ್ಪಿಕೊಂಡರೂ ಮಾರ್ಫಿನ್ ಇರುವುದು ಮಾದಕ ದ್ರವ್ಯಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಹಿಡಿತದಲ್ಲಿ. 2014ರ ತಿದ್ದುಪಡಿ ‘ಅತ್ಯವಶ್ಯ ನಾರ್ಕೋಟಿಕ್ ಔಷಧ’ಗಳೆಂಬ ವರ್ಗ ಮಾಡಿ ಹಲವು ಲೈಸೆನ್ಸುಗಳ ಗೋಜಲು ಬಿಡಿಸಿತು, ನಿಜ. ಆದರೆ ಅದು ಕಟ್ಟಿಕೊಟ್ಟ ಏರ್ಪಾಡಿನ ಆಧಾರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಮತ್ತು ಅಲ್ಲಿನ ತರಬೇತಾದ ವೈದ್ಯ. ನರ್ಸ್‌ಗೆ ಅದರಲ್ಲಿ ಬರೆಯುವ ಪಾತ್ರವಿಲ್ಲ.

ಇದರ ಪರಿಣಾಮ ಕಾಣುವುದು ರೋಗಿಯ ಮನೆಯಲ್ಲಿ. 10 ಮಿ.ಗ್ರಾಂ ಮಾತ್ರೆ ನಾಲ್ಕು ಗಂಟೆಗೊಂದರಂತೆ ದಿನಕ್ಕೆ ಆರು. ಹದಿನಾಲ್ಕು ದಿನಕ್ಕೆ 84 ಮಾತ್ರೆ ಕೊಟ್ಟು ಕಳಿಸಿದ್ದಾರೆ ಎನ್ನಿ. ಮೂರನೇ ದಿನ ನರ್ಸ್ ಹೋಗಿ ನೋಡಿದರೆ ನೋವು ಇಳಿದಿಲ್ಲ, ಮಂಪರೂ ಇಲ್ಲ. ಪ್ರಮಾಣವನ್ನು ಒಂದೂವರೆ ಮಾತ್ರೆಗೆ ಏರಿಸಬೇಕೆಂಬುದು ಅನುಭವಸ್ಥ ನರ್ಸ್‌ಗೆ ನೋಡುತ್ತಲೇ ಗೊತ್ತು. ಏರಿಸಿದರೆ ದಿನಕ್ಕೆ ಒಂಬತ್ತು ಮಾತ್ರೆ. ಎರಡು ವಾರ ಮುಗಿಯುವ ಮೊದಲೇ ಸ್ಟ್ರಿಪ್ ಖಾಲಿ, ಆಸ್ಪತ್ರೆಯ ರಿಜಿಸ್ಟರಿಗೂ ಚೀಟಿಗೂ ತಾಳೆಯಿಲ್ಲ. ವೈದ್ಯರಿಗೆ ಫೋನ್ ಮಾಡಿದರೆ ಸಾಲದೇ? ಸಾಲದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ನಾರ್ಕೋಟಿಕ್ ಔಷಧಗಳನ್ನು ದೂರದಿಂದ ಬರೆಯುವುದನ್ನೇ ನಿಷೇಧಿಸಿದೆ. ಕರ್ನಾಟಕದ ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಅನೇಕರು ನರ್ಸಿಂಗ್ ಓದಿದವರು. ಉಪಶಾಮಕ ಆರೈಕೆ ಅವರ ಕರ್ತವ್ಯಪಟ್ಟಿಯಲ್ಲೂ ಇದೆ. ಬಿ.ಪಿ. ಮಾತ್ರೆಗೆ ಅವರು ಸರ್ಕಾರಿ ಟೆಲಿಮೆಡಿಸಿನ್ ಸೇವೆಯಾದ ಇ-ಸಂಜೀವಿನಿಯಲ್ಲಿ ವೈದ್ಯರನ್ನು ಹಿಡಿಯಬಹುದು, ಮಾರ್ಫಿನ್‌ಗೆ ಆ ದಾರಿಯಿಲ್ಲ.

ಹೀಗಾಗಿ ಕೇಳಬೇಕಾದ ಅಧಿಕಾರ ಮೊದಲ ಚೀಟಿಯದಲ್ಲ, ಪ್ರಮಾಣ ಬದಲಿಸುವುದರದು ಎಂಬುದು ನನ್ನ ವಾದ. ವೈದ್ಯರು ಗರಿಷ್ಠ ಮಿತಿಯನ್ನು ಬರೆದುಕೊಟ್ಟರೆ, ತರಬೇತಾದ ನರ್ಸ್ ಅದರೊಳಗೆ ಏರಿಳಿಸಿ ದಾಖಲಿಸಬಹುದು. ಇದಕ್ಕೆ ಸಂಸತ್ತಿನ ತನಕ ಹೋಗಬೇಕಾಗಿಲ್ಲ, ಕೇಂದ್ರ ಸರ್ಕಾರದ ನಿಯಮ ತಿದ್ದುಪಡಿ ಸಾಕಾಗಬಹುದು ಎಂದು ಕೂಡ ನನಗೆ ತೋರುತ್ತದೆ. ಎನ್‌ಡಿಪಿಎಸ್ ಕಾಯ್ದೆಯ 9ನೇ ಕಲಮಿಗೆ 2014ರಲ್ಲಿ ಸೇರಿಸಿದ ಅಧಿಕಾರ ಈ ಔಷಧಗಳ ಸ್ವಾಧೀನ, ಬಳಕೆಗಳನ್ನು ಒಳಗೊಳ್ಳುತ್ತದೆ. ‘ಸಾಕಾಗಬಹುದು’ ಎಂದದ್ದು ಬೇಕೆಂದೇ: 1945ರ ಔಷಧ ನಿಯಮಗಳು ಚೀಟಿಗೆ ನೋಂದಾಯಿತ ವೈದ್ಯರ ಸಹಿಯನ್ನೇ ಬಯಸುತ್ತವೆ, ಅವನ್ನೂ ಜತೆಗೇ ತಿದ್ದಬೇಕು. ‘ಬಳಕೆ’ ಎಂಬುದರಲ್ಲಿ ಪ್ರಮಾಣ ನಿರ್ಧಾರ ಅಡಕವೇ ಎಂಬುದೂ ನ್ಯಾಯಾಲಯದಲ್ಲಿ ಪ್ರಶ್ನೆಯಾದೀತು.

ಔಷಧ ಕಳ್ಳದಾರಿ ಹಿಡಿದೀತೆಂಬ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಸೋರಿಕೆಗೆ ತಡೆ ದಾಸ್ತಾನಿನ ಲೆಕ್ಕದಲ್ಲಿದೆ, ಸಹಿ ಹಾಕುವವರ ಪದವಿಯಲ್ಲಲ್ಲ. ಉಗಾಂಡದ ಕ್ರಮವನ್ನೂ ಗಮನಿಸಬೇಕು. ಅಲ್ಲಿ ಆನ್ ಮೆರಿಮನ್ 1993ರಲ್ಲಿ ಹಾಸ್ಪಿಸ್ ಕಟ್ಟಿ, ಪುಡಿಯಿಂದ ಅಗ್ಗದ ಮಾರ್ಫಿನ್ ದ್ರಾವಣ ಮಾಡುವ ಏರ್ಪಾಡು ಊರಿದ ಎಷ್ಟೋ ವರ್ಷಗಳ ಮೇಲೆ ಕಾನೂನು ಬಂತು. ಪೂರೈಕೆಯಿಲ್ಲದ ತಾಲ್ಲೂಕಿನಲ್ಲಿ ನರ್ಸ್ ಕೈಗೆ ಅಧಿಕಾರ ಕೊಟ್ಟರೆ ಆಗುವುದು ಖಾಲಿ ಚೀಟಿಯಷ್ಟೇ.

ಪ್ರಮಾಣ ಏರಿಸಿ ರೋಗಿಗೆ ಉಸಿರಾಟದ ತೊಂದರೆಯಾದರೆ ಹೊಣೆ ಮಿತಿ ಬರೆದ ವೈದ್ಯರದೋ ಏರಿಸಿದ ನರ್ಸ್‌ನದೋ ಎಂಬುದನ್ನು ಇಲ್ಲಿ ಇತ್ಯರ್ಥ ಮಾಡಿಲ್ಲ. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಯಡಿ ನಿಯಮಗಳನ್ನು ರೂಪಿಸುವವರು ಮೊದಲು ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ ಅದು.