ಕಾಫಿ ಸೀಮೆಯಲ್ಲಿ ಯಕೃತ್ತಿನ ಚರಿತ್ರೆ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಬೆಟ್ಟಸಾಲುಗಳ ಇತಿಹಾಸವನ್ನು ಬಹುಮಟ್ಟಿಗೆ ಬೆಳೆ, ಬೆಲೆ, ಒಡೆತನ ಮತ್ತು ಕೂಲಿಯ ಸುತ್ತಲೇ ಬರೆಯಲಾಗಿದೆ. ಈ ಬೆಟ್ಟಗಳ ಮುಖ್ಯ ಬೆಳೆಯಾದ ಕಾಫಿಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಯಕೃತ್ತು ಮತ್ತು ಇತರ ಜೀರ್ಣಾಂಗಗಳ ಕ್ಯಾನ್ಸರನ್ನು ಕುರಿತ ಸಂಶೋಧನೆಯ ವಸ್ತುವಾಗಿ, ಮೊದಲು ಆಪಾದನೆ ಹೊತ್ತು, ಅನಂತರ ಅದರಿಂದ ಬಿಡುಗಡೆ ಪಡೆದ ಸಂಗತಿ ಆ ಬರವಣಿಗೆಯೊಳಗೆ ಸೇರಿರುವುದು ಅಪರೂಪ. ಕಾಫಿ ಕುಡಿದವರ ಯಕೃತ್ತನ್ನು ನಾರ್ವೆ, ಜಪಾನ್, ಕ್ಯಾಲಿಫೋರ್ನಿಯಾಗಳಲ್ಲಿ ಸಾವಿರಗಟ್ಟಲೆ ಜನರನ್ನು ಲೆಕ್ಕ ಹಾಕಿ ಪರೀಕ್ಷಿಸಲಾಯಿತು. ಕಾಫಿ ಬೆಳೆದವರ ಯಕೃತ್ತು ಯಾವ ಕಾಲದಲ್ಲಿ ಯಾವ ಯಾವ ಹೊರೆಯನ್ನು ಹೊತ್ತಿತು ಎಂಬುದನ್ನು ಮಾತ್ರ ಚೂರುಚೂರಾದ ಮೂಲಗಳಿಂದ ಕೂಡಿಸಿಕೊಳ್ಳಬೇಕಾಗಿದೆ.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಈ ಸೀಮೆಯ ಪ್ರತೀತಿ. ಹಿತ್ತಲಿನ ಗಿಡವಾಗಿದ್ದ ಅದು 1830ರ ಸುಮಾರಿಗೆ ಯೂರೋಪಿಯನ್ ತೋಟಗಾರರ ಕೈಯಲ್ಲಿ ವ್ಯಾಪಾರದ ಬೆಳೆಯಾಯಿತು, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ನೆಲೆಗೊಂಡಿತು, 1942ರ ಕಾಫಿ ಕಾಯ್ದೆಯೊಡನೆ ಮಾರಾಟವೆಲ್ಲ ಕಾಫಿ ಮಂಡಳಿಯ ಹತೋಟಿಗೆ ಬಂದಿತು. ಒಳ್ಳೆಯ ದರ್ಜೆಯ ಬೀಜ ಹಡಗೇರಿ ಹೋಗುತ್ತಿದ್ದ ಕಾಲದಲ್ಲೂ ತೋಟದ ಲೈನ್ ಮನೆಗಳಲ್ಲಿ, ಎಂದರೆ ಕೂಲಿಯಾಳುಗಳಿಗಾಗಿ ಸಾಲಾಗಿ ಕಟ್ಟಿದ ವಸತಿಗಳಲ್ಲಿ, ಬೆಲ್ಲ ಹಾಕಿ ಕುದಿಸಿದ ಕರಿಕಾಫಿಯೇ ಮುಂಜಾನೆಯ ಪಾನೀಯವಾಗಿತ್ತು.

ಕಾಫಿಯ ಮೇಲಿನ ಅತಿ ಗಂಭೀರ ಆಪಾದನೆ 1981ರ ಮಾರ್ಚ್‌ನಲ್ಲಿ ಬಂದಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಬ್ರಯಾನ್ ಮ್ಯಾಕ್‌ಮಹೋನ್ ಮತ್ತು ಅವರ ಸಹೋದ್ಯೋಗಿಗಳು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತಗುಲಿದ 369 ರೋಗಿಗಳನ್ನು ಆ ರೋಗವಿಲ್ಲದ 644 ಒಳರೋಗಿಗಳೊಡನೆ ಹೋಲಿಸಿ, ಕಾಫಿ ಕುಡಿಯುವವರಲ್ಲಿ ಈ ಕ್ಯಾನ್ಸರಿನ ಅಪಾಯ ಹೆಚ್ಚೆಂದು ಪ್ರಕಟಿಸಿದರು. ರೋಗವಿದ್ದವರನ್ನೂ ಇಲ್ಲದವರನ್ನೂ ಎದುರುಬದುರು ಇಟ್ಟು ಅವರ ಹಿಂದಿನ ರೂಢಿಗಳನ್ನು ಕೇಳಿ ತಿಳಿಯುವ ಈ ಕ್ರಮದಲ್ಲಿ, ಹೋಲಿಕೆಗೆ ಆರಿಸಿಕೊಂಡ ಗುಂಪು ಎಂಥದು ಎಂಬುದರ ಮೇಲೆಯೇ ಫಲಿತಾಂಶ ನಿಲ್ಲುತ್ತದೆ. ಮ್ಯಾಕ್‌ಮಹೋನ್ ತಂಡವು ಹೋಲಿಕೆಯ ಗುಂಪನ್ನು ಅದೇ ವೈದ್ಯರ ಬಳಿ ಚಿಕಿತ್ಸೆಯಲ್ಲಿದ್ದ ಇತರ ರೋಗಿಗಳಿಂದ ಆರಿಸಿಕೊಂಡಿತ್ತು. ಆ ವೈದ್ಯರಲ್ಲಿ ಜೀರ್ಣಾಂಗ ತಜ್ಞರು ಹೆಚ್ಚಾಗಿದ್ದುದರಿಂದ ಅಲ್ಲಿದ್ದ ಹಲವರು ಹೊಟ್ಟೆಯ ತೊಂದರೆಗಾಗಿ ಮೊದಲೇ ಕಾಫಿಯನ್ನು ಕಡಿಮೆ ಮಾಡಿದ್ದವರು ಎಂಬ ಆಕ್ಷೇಪ ಕೂಡಲೇ ಎದ್ದಿತು. ಕಾಫಿ ಕುಡಿಯದವರನ್ನೇ ಅರಿಯದೆ ಆರಿಸಿ ಎದುರಿಗಿಟ್ಟರೆ ಕಾಫಿಯೇ ಅಪರಾಧಿಯಂತೆ ಕಾಣುವುದು ಸಹಜ. 1986ರಲ್ಲಿ ಅದೇ ತಂಡವು ಹೊಸ ಅಧ್ಯಯನ ನಡೆಸಿ, ಮೊದಲು ಕಂಡಿದ್ದ ಬಲವಾದ ಸಂಬಂಧ ಈ ಬಾರಿ ಕಾಣಲಿಲ್ಲವೆಂದು ತಾನೇ ಪ್ರಕಟಿಸಿತು. ತನ್ನ ಶೋಧನೆಯನ್ನು ತಾನೇ ಮತ್ತೆ ಒರೆಗೆ ಹಚ್ಚಿ ನೋಡಿದ ಈ ನಡೆ ವೈದ್ಯಕೀಯ ಚರಿತ್ರೆಯಲ್ಲಿ ಗೌರವಕ್ಕೆ ಅರ್ಹವಾದದ್ದು. ಆದರೂ ಅನುಮಾನ ಪೂರ್ತಿ ಅಳಿಯಲಿಲ್ಲ: 1991ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ಈ ಬಾರಿ ಮೂತ್ರಕೋಶದ ಕ್ಯಾನ್ಸರನ್ನು ಮುಂದಿಟ್ಟುಕೊಂಡು, ಕಾಫಿಯನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳ’ ವಸ್ತುಗಳ ವರ್ಗಕ್ಕೆ ಸೇರಿಸಿತು.

ಇದೇ ಅವಧಿಯಲ್ಲಿ ಯಕೃತ್ತಿನ ಕಡೆಯಿಂದ ಬೇರೆಯೇ ಸುಳಿವು ದೊರೆಯತೊಡಗಿತ್ತು. ಯಕೃತ್ತಿಗೆ ಪೆಟ್ಟು ಬಿದ್ದಾಗ ಅದರ ಕೋಶಗಳಲ್ಲಿನ ಕೆಲವು ಕಿಣ್ವಗಳು ರಕ್ತದಲ್ಲಿ ಏರುತ್ತವೆ. ಉತ್ತರ ನಾರ್ವೆಯ ಟ್ರೊಮ್ಸೊ ಪಟ್ಟಣದ ನಿವಾಸಿಗಳ ರಕ್ತವನ್ನು ಹೃದ್ರೋಗದ ಅಧ್ಯಯನಕ್ಕೆಂದು ಪರೀಕ್ಷಿಸುತ್ತಿದ್ದವರು, ಹೆಚ್ಚು ಕಾಫಿ ಕುಡಿಯುವವರಲ್ಲಿ ಅಂಥದೊಂದು ಕಿಣ್ವದ ಪ್ರಮಾಣ ಕಡಿಮೆಯಿರುವುದನ್ನು 1986ರಲ್ಲಿ ವರದಿ ಮಾಡಿದರು. ಕ್ಯಾಲಿಫೋರ್ನಿಯಾದ ಹೃದ್ರೋಗ ತಜ್ಞ ಆರ್ಥರ್ ಕ್ಲಾಟ್ಸ್ಕಿ ಮತ್ತು ಸಂಗಡಿಗರು 1,25,580 ಮಂದಿಯ ದಾಖಲೆಗಳನ್ನು ಅಭ್ಯಸಿಸಿ, ದಿನದ ಕಾಫಿ ಒಂದೊಂದು ಕಪ್ ಹೆಚ್ಚಿದಂತೆ ಮದ್ಯಪಾನದಿಂದ ಬರುವ ಸಿರೋಸಿಸ್‌ನ ಅಪಾಯ ಶೇ. 22ರಷ್ಟು ತಗ್ಗಿರುವುದನ್ನು 2006ರಲ್ಲಿ ತೋರಿಸಿದರು. ಸಿರೋಸಿಸ್ ಎಂದರೆ ಬಹುಕಾಲದ ಉರಿಯೂತದಿಂದ ಯಕೃತ್ತಿನ ಮೆದು ಅಂಗಾಂಶ ಗಾಯದ ಕಲೆಯಂತೆ ಗಡುಸಾಗುವ ಸ್ಥಿತಿ; ಯಕೃತ್ತಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಹೀಗೆ ಗಡುಸಾದ ನೆಲದಲ್ಲೇ ಮೊಳೆಯುತ್ತವೆ. ಜಪಾನಿನಲ್ಲಿ ಮನಾಮಿ ಇನೌಯೆ ಮತ್ತು ಸಹೋದ್ಯೋಗಿಗಳು 90,452 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ದಿನವೂ ಕಾಫಿ ಕುಡಿಯುವವರಿಗೆ ಯಕೃತ್ತಿನ ಕ್ಯಾನ್ಸರ್ ತಗಲುವ ಅಪಾಯವು ಕುಡಿಯದವರಿಗೆ ಹೋಲಿಸಿದರೆ ಅರ್ಧದಷ್ಟೇ ಎಂದು ಕಂಡುಬಂದಿತು. 2016ರ ವೇಳೆಗೆ ಲಿಯೋನ್ ಸಂಸ್ಥೆಯು 23 ವಿಜ್ಞಾನಿಗಳನ್ನು ಕೂಡಿಸಿ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಕಾಫಿಯನ್ನು ಹಳೆಯ ವರ್ಗದಿಂದ ಕೆಳಗಿಳಿಸಿತು. ಯಕೃತ್ತಿನ ಮತ್ತು ಗರ್ಭಾಶಯದ ಒಳಪದರದ ಕ್ಯಾನ್ಸರ್‌ಗಳ ಅಪಾಯ ಕಾಫಿ ಕುಡಿಯುವವರಲ್ಲಿ ಕಡಿಮೆಯೆಂದೂ ದಾಖಲಿಸಿತು. ಅದೇ ಸಭೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಹುದೆಂದು ಎಚ್ಚರಿಸಿದ್ದು, ಒಲೆಯಿಂದ ಇಳಿಸಿದ ಕೂಡಲೇ ಕುಡಿಯುವ ಮಲೆನಾಡಿನ ರೂಢಿಗೆ ನೇರವಾಗಿ ಸಂಬಂಧಿಸಿದ ಮಾತು.

ಈ ಶೋಧನೆಗಳನ್ನು ಈ ಸೀಮೆಯ ಲೋಟಕ್ಕೆ ಹಾಗೆಯೇ ಅನ್ವಯಿಸುವಾಗ ಸ್ವಲ್ಪ ತಡೆದು ಯೋಚಿಸಬೇಕಾಗುತ್ತದೆ. ಕರ್ನಾಟಕದ ಕಾಫಿಪುಡಿಯಲ್ಲಿ ಚಿಕೋರಿ ಬೆರೆಯುವುದು ಸಾಮಾನ್ಯ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಶೇ. 51ಕ್ಕೆ ಇಳಿಯಬಹುದು, ಅಂದರೆ ಉಳಿದ ಸುಮಾರು ಅರ್ಧ ಕಾಫಿಯೇ ಅಲ್ಲ. ಅದಕ್ಕೆ ಹಾಲು, ಸಕ್ಕರೆ ಸೇರಿದಾಗ ಲೋಟದೊಳಗಿನ ಡಿಕಾಕ್ಷನ್ ಮತ್ತಷ್ಟು ತೆಳುವಾಗುತ್ತದೆ. ಹೊರದೇಶದ ಕಪ್ಪಿನ ಲೆಕ್ಕ ಇಲ್ಲಿನ ಲೋಟದ ಲೆಕ್ಕವಾಗಲಾರದು.

ಕಾಫಿಯ ಬಗ್ಗೆ ಸಂಶೋಧಕರು ಕೇಳುವ ಮೊದಲೇ ಈ ಬೆಟ್ಟಗಳ ಜನರಿಗೆ ಯಕೃತ್ತಿನ ಕಾಯಿಲೆ ಕಾಮಾಲೆಯ ರೂಪದಲ್ಲಿ ಚೆನ್ನಾಗಿ ಪರಿಚಯವಿತ್ತು. ಕಣ್ಣು ಹಳದಿಯಾದವರು ನಾಟಿ ವೈದ್ಯರ ಮನೆ ಹುಡುಕಿಕೊಂಡು ಹೋಗುವುದು, ಬರಿಹೊಟ್ಟೆಯಲ್ಲಿ ಔಷಧಿ ಕುಡಿಯುವುದು, ಉಪ್ಪು, ಎಣ್ಣೆ ಬಿಟ್ಟು ಪಥ್ಯ ಮಾಡುವುದು ತಲೆಮಾರುಗಳಿಂದ ಬಂದ ಪದ್ಧತಿ. ಇಂಥ ಔಷಧಿಗಳಲ್ಲಿ ಹೆಸರಾದದ್ದು ನೆಲನೆಲ್ಲಿ: ಮಳೆ ಬಿದ್ದೊಡನೆ ತೋಟದ ದಾರಿಯಲ್ಲೂ ಹಿತ್ತಲಲ್ಲೂ ಗೇಣುದ್ದ ಏಳುವ, ಎಲೆಸಾಲಿನ ಅಡಿಯಲ್ಲಿ ಸಾಸಿವೆಗಿಂತ ಕೊಂಚ ದಪ್ಪ ಕಾಯಿಗಳನ್ನು ಪೋಣಿಸಿಕೊಂಡಿರುವ ಈ ಗಿಡವನ್ನು ಬೇರುಸಹಿತ ಕಿತ್ತು, ತೊಳೆದು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಕೊಡುತ್ತಾರೆ. ಹೆಪಟೈಟಿಸ್ ಬಿ ವೈರಾಣುವನ್ನು ಗುರುತಿಸಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೂ ಮದರಾಸಿನ ಎಸ್. ಪಿ. ತ್ಯಾಗರಾಜನ್ ಅವರೂ ಸಂಗಡಿಗರೊಡನೆ 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ನೆಲನೆಲ್ಲಿ ಪುಡಿ ಸೇವಿಸಿದ 37 ಮಂದಿ ವೈರಾಣು ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮರೆಯಾಯಿತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಬೇರೆ ದೇಶಗಳಲ್ಲಿ ನಡೆದ ಮುಂದಿನ ಪ್ರಯೋಗಗಳಲ್ಲಿ ಈ ಫಲ ಮರುಕಳಿಸಲಿಲ್ಲ. ನಾಟಿ ಔಷಧಿಯ ಕೀರ್ತಿಗೆ ಒಂದು ಸಹಜ ಕಾರಣವೂ ಇದೆ: ಕಲುಷಿತ ನೀರಿನಿಂದ ಹರಡುವ ಕಾಮಾಲೆ ಬಹುಪಾಲು ತಾನಾಗಿಯೇ ವಾರಗಳಲ್ಲಿ ಇಳಿಯುತ್ತದೆ, ಔಷಧಿ ಕೊಟ್ಟವರ ಕೈಗುಣಕ್ಕೆ ಆ ಶ್ರೇಯ ಸೇರುತ್ತದೆ. ಆದರೆ ರಕ್ತದ ಮೂಲಕ ಅಥವಾ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುವ ಹೆಪಟೈಟಿಸ್ ಬಿ ಹಲವರಲ್ಲಿ ಹಳದಿಯನ್ನೇ ತೋರಿಸದೆ ದಶಕಗಳ ಕಾಲ ಯಕೃತ್ತಿನಲ್ಲಿ ಉಳಿಯುತ್ತದೆ. ತೈವಾನಿನ 22,707 ಪುರುಷರನ್ನು ಹಿಂಬಾಲಿಸಿ ಪಾಮರ್ ಬೀಸ್ಲಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ವೈರಾಣುವಿನ ವಾಹಕರಿಗೆ ಯಕೃತ್ತಿನ ಕ್ಯಾನ್ಸರಿನ ಅಪಾಯ ಇತರರಿಗಿಂತ ಇನ್ನೂರು ಪಟ್ಟಿಗೂ ಹೆಚ್ಚಿತ್ತು. ಇದನ್ನು ತಡೆಯುವ ಲಸಿಕೆ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದೇಶದಾದ್ಯಂತ ದೊರೆಯತೊಡಗಿದ್ದು 2011ರಲ್ಲಿ. ಅದಕ್ಕೆ ಹಿಂದೆ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ತಲೆಮಾರುಗಳಿಗೆ ಆ ರಕ್ಷಣೆ ಸಹಜವಾಗಿ ಸಿಗಲಿಲ್ಲ.

ಕಸಬಿನಿಂದಲೇ ಬಂದ ಹೊರೆ ಬೇರೆಯದು. ಅರೇಬಿಕಾ ಗಿಡದ ಕಾಂಡವನ್ನು ಕೊರೆದು ಕೊಲ್ಲುವ ಬೋರರ್ ಎಂಬ ಬಿಳಿ ಕಾಂಡಕೊರಕ ಹುಳು ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ಸಡಿಲ ತೊಗಟೆಯನ್ನು ಕೈಯಿಂದ ಉಜ್ಜಿ ತೆಗೆದು, ಬುಡದಿಂದ ದಪ್ಪ ರೆಂಬೆಗಳವರೆಗೆ ಔಷಧಿ ಹೊಡೆಯುವುದು ಅಥವಾ ಬಳಿಯುವುದು ವರ್ಷವರ್ಷದ ಕೆಲಸವಾಯಿತು. ದಶಕಗಳ ಕಾಲ ಆ ಔಷಧಿ ಬಿಎಚ್‌ಸಿಯಾಗಿತ್ತು, ಅನಂತರ ಅದರದೇ ಶುದ್ಧರೂಪವಾದ ಲಿಂಡೇನ್. ಬಿಎಚ್‌ಸಿ ತಿನ್ನಿಸಿದ ಇಲಿಗಳ ಯಕೃತ್ತಿನಲ್ಲಿ ಗಡ್ಡೆಗಳು ಏಳುವುದನ್ನು ಜಪಾನಿನ ಪ್ರಯೋಗಾಲಯಗಳು 1970ರ ದಶಕದ ಆರಂಭದಲ್ಲೇ ತೋರಿಸಿದ್ದರೂ, ಭಾರತದಲ್ಲಿ ಅದರ ನಿಷೇಧ ಜಾರಿಗೆ ಬಂದದ್ದು 1997ರಲ್ಲಿ, ಲಿಂಡೇನ್ ಬಳಕೆ ನಿಂತದ್ದು 2013ರಲ್ಲಿ. ಲಿಯೋನ್ ಸಂಸ್ಥೆ 2015ರಲ್ಲಿ ಲಿಂಡೇನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಘೋಷಿಸಿದ್ದು ಯಕೃತ್ತಿನ ಕಾರಣಕ್ಕಲ್ಲ, ದುಗ್ಧಗ್ರಂಥಿಗಳ ಕ್ಯಾನ್ಸರಿನ ಕಾರಣಕ್ಕೆ. ಆದರೆ ಅದೇ ಸಭೆಯು, ಮಲೇರಿಯಾ ಸೊಳ್ಳೆಯ ವಿರುದ್ಧ ಮನೆಗೋಡೆಗಳಿಗೆ ಸಿಂಪಡಿಸುತ್ತಿದ್ದ ಡಿಡಿಟಿಗೂ ಯಕೃತ್ತಿನ ಕ್ಯಾನ್ಸರಿಗೂ ನಡುವೆ ಸೀಮಿತ ಪ್ರಮಾಣದ ಪುರಾವೆಯಿದೆಯೆಂದು ಗುರುತಿಸಿತು. ಕೀಟನಾಶಕಗಳ ಜೊತೆಗೆ ಕುಡಿತದ ಹೊರೆಯೂ ಇತ್ತು. ಮದ್ಯವನ್ನು ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಆ ಸಂಸ್ಥೆ 1988ರಲ್ಲೇ ಸಾರಿತ್ತು. ವಾರದ ಬಟವಾಡೆಯ ಹಣದಲ್ಲಿ ಒಂದು ಪಾಲು ಸಾರಾಯಿ ಅಂಗಡಿಗೆ ಹೋಗುವುದು 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಗುವವರೆಗೆ ನಡೆದುಬಂದ ಸಂಗತಿ. ಕುಡಿತವನ್ನು ಬಿಡದವರು ಆಮೇಲೆ ಬೇರೆ ಮದ್ಯಕ್ಕೆ ಹೊರಳಿದರು.

ಇಷ್ಟು ಕಾರಣಗಳು ಒಂದೇ ಜನಸಮುದಾಯದ ಮೇಲೆ ಕೂಡಿಬಂದಿರುವಾಗ ಅವುಗಳ ಒಟ್ಟು ಪರಿಣಾಮವನ್ನು ಅಳೆಯಲು ಎಣಿಕೆ ಬೇಕು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಗಂಥಿ ಸಂಸ್ಥೆ ಎಂಬ ಕ್ಯಾನ್ಸರ್ ಆಸ್ಪತ್ರೆ ಆರಂಭವಾಯಿತು. 1982ರಿಂದ ಅಲ್ಲಿ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ, ಎಂದರೆ ಗೊತ್ತಾದ ಪ್ರದೇಶದ ನಿವಾಸಿಗಳಲ್ಲಿ ಹೊಸದಾಗಿ ಪತ್ತೆಯಾದ ಪ್ರತಿಯೊಂದು ಕ್ಯಾನ್ಸರನ್ನೂ ದಾಖಲಿಸುವ ವ್ಯವಸ್ಥೆ ನಡೆಯುತ್ತಿದೆ. ಈ ವ್ಯವಸ್ಥೆಯಲ್ಲಿ ಕನಿಷ್ಠ ಒಂದು ವರ್ಷ ಆ ಪ್ರದೇಶದಲ್ಲಿ ನೆಲೆಸಿದವರನ್ನು ಮಾತ್ರ ನಿವಾಸಿಯೆಂದು ಪರಿಗಣಿಸುತ್ತಾರೆ. ಕಳಸದಿಂದ ಚಿಕಿತ್ಸೆಗೆ ಬಂದವರ ವಿವರ ಆಸ್ಪತ್ರೆಯ ಕಡತದಲ್ಲಿ ಸೇರುತ್ತದೆಯೇ ಹೊರತು ಬೆಂಗಳೂರಿನ ದರದಲ್ಲಿ ಸೇರುವುದಿಲ್ಲ, ಚಿಕ್ಕಮಗಳೂರಿನ ದರವೆಂಬುದೂ ಅದರಿಂದ ಹುಟ್ಟುವುದಿಲ್ಲ. ಮಂಗಳೂರಿಗೋ ಮಣಿಪಾಲಕ್ಕೋ ಘಟ್ಟ ಇಳಿದವರ ಕಡತ ಬೇರೆಡೆ ಉಳಿಯುತ್ತದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿಯಲ್ಲಿ ದೇಶದ 28 ಜನಸಂಖ್ಯಾಧಾರಿತ ನೋಂದಣಿಗಳಿದ್ದು, ಕರ್ನಾಟಕದಿಂದ ಬೆಂಗಳೂರು ಮಾತ್ರ ಇತ್ತು. ಹಣ್ಣು ಕೊಯ್ಲಿಗೆ ಬಂದು ಮಳೆಗಾಲಕ್ಕೆ ಊರಿಗೆ ಮರಳುವ ಆಳುಗಳಂತೂ ಒಂದು ವರ್ಷದ ನಿಯಮದಡಿ ಇಲ್ಲಿ ನೋಂದಣಿ ತೆರೆದರೂ ಅದರೊಳಗೆ ಬರಲಾರರು.

ಆದರೆ ಕಾಫಿ ತೋಟಗಳ ಬಳಿ ಬೇರೆ ಕಸಬುಗಳಲ್ಲಿ ಸುಲಭವಾಗಿ ಸಿಗದ ಒಂದು ಆಕರವಿದೆ. ತೋಟದ ರೈಟರು ದಿನವೂ ಬರೆಯುವ ಹಾಜರಿ ಪುಸ್ತಕದಲ್ಲಿ ಆಳಿನ ಹೆಸರಿನೊಂದಿಗೆ ಆ ದಿನ ಮಾಡಿದ ಕೆಲಸವನ್ನೂ ನಮೂದಿಸುವ ರೂಢಿಯಿದೆ. ಬೋರರ್ ಔಷಧಿ ಹೊಡೆದವರು ಯಾರು, ಎಷ್ಟು ವರ್ಷ ಹೊಡೆದರು ಎಂಬುದನ್ನು ಇಂಥ ಪುಸ್ತಕಗಳಿಂದ ತೆಗೆಯಬಹುದು. 1974ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಮೂವರು ಕಾರ್ಮಿಕರು ಯಕೃತ್ತಿನ ರಕ್ತನಾಳಗಳ ಅತಿ ವಿರಳ ಕ್ಯಾನ್ಸರಿನಿಂದ ಸತ್ತಿದ್ದನ್ನು ಅಲ್ಲಿನ ವೈದ್ಯ ಜಾನ್ ಕ್ರೀಚ್ ಗಮನಿಸಿದಾಗ, ಆ ಮೂವರೂ ಒಂದೇ ವಿಭಾಗದಲ್ಲಿ ದುಡಿದಿದ್ದರೆಂಬುದು ತಿಳಿದುಬಂದು, ವಿನೈಲ್ ಕ್ಲೋರೈಡ್ ಎಂಬ ಅನಿಲದ ದೋಷ ಹೊರಬಿದ್ದಿತು. ಮೂಡಿಗೆರೆ ಮತ್ತು ಕಳಸದ ಹಳೆಯ ತೋಟಗಳ ಕಪಾಟುಗಳಲ್ಲಿರುವ ಹಾಜರಿ ಪುಸ್ತಕಗಳನ್ನು ಗೆದ್ದಲು ಮತ್ತು ಮಳೆಗಾಲದ ತೇವ ತಿನ್ನುವ ಮೊದಲು ಸಂಗ್ರಹಿಸಿ, ಮಂಗಳೂರು, ಮಣಿಪಾಲ ಮತ್ತು ಬೆಂಗಳೂರಿನ ಆಸ್ಪತ್ರೆಗಳ ಕಡತಗಳೊಡನೆ ಕೂಡಿಸಿ ಓದುವ ಕೆಲಸವನ್ನು ವೈದ್ಯಕೀಯ ಕಾಲೇಜುಗಳೂ ಇತಿಹಾಸಕಾರರೂ ಜೊತೆಯಾಗಿ ಕೈಗೆತ್ತಿಕೊಳ್ಳಬಹುದಾಗಿದೆ.