ಕಾಫಿ ಡೇ ಷೇರಿನ ಕುಸಿತ

ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಕಟ್ಟಿದ ಕಾಫಿ ಡೇ ಎಂಟರ್‌ಪ್ರೈಸಸ್ ಕಂಪನಿಯ ಷೇರು 2019ರಿಂದ ಭಾರೀ ಇಳಿತ ಕಂಡಿತು. ಬೀಳುವ ಷೇರಿನಲ್ಲಿ ಶಾರ್ಟ್ ಸೆಲ್ಲಿಂಗ್ ಎಷ್ಟರಮಟ್ಟಿಗೆ ನಡೆಯುತ್ತದೆ, ಸಣ್ಣ ಹೂಡಿಕೆದಾರರು ಹೇಗೆ ಸಿಕ್ಕಿಬೀಳುತ್ತಾರೆ ಎಂಬುದನ್ನು ತಿಳಿಯಲು ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ.

ಇಲ್ಲದ ಷೇರನ್ನು ಮೊದಲು ಮಾರಿ ಆಮೇಲೆ ಕೊಳ್ಳುವುದು ಶಾರ್ಟ್ ಸೆಲ್ಲಿಂಗ್. ಆನವಟ್ಟಿಯ ರೈತನೊಬ್ಬ ಪಕ್ಕದವರಿಂದ ಹತ್ತು ಚೀಲ ಮೆಕ್ಕೆಜೋಳ ಕಡ ತಂದು ಇಂದಿನ ದರಕ್ಕೆ ಮಾರಿ, ದರ ಇಳಿದಾಗ ಹತ್ತು ಚೀಲ ಕೊಂಡು ತೀರಿಸಿದರೆ ಉಳಿದ ಹಣ ಅವನ ಲಾಭ. ದರ ಏರಿದರೆ ಕೈಯಿಂದ ಹಾಕಬೇಕು. ಭಾರತದಲ್ಲಿ ಹೀಗೆ ಮಾರಿದ್ದನ್ನು ಅದೇ ದಿನ ಕೊಂಡು ಮುಗಿಸಬೇಕು. ಅದಕ್ಕೂ ಹೆಚ್ಚು ದಿನ ಬೇಕೆಂದರೆ ಮುಂದಿನ ದಿನಾಂಕಕ್ಕೆ ಇಂದೇ ದರ ಕಟ್ಟುವ ಫ್ಯೂಚರ್ಸ್ ಒಪ್ಪಂದ ಇದೆ, ಇಲ್ಲವೇ 2008ರಲ್ಲಿ ಜಾರಿಗೆ ಬಂದ ಷೇರು ಸಾಲದ ವ್ಯವಸ್ಥೆ ಇದೆ. ಸಣ್ಣ ಬೆಲೆಯ ಬಹುತೇಕ ಷೇರುಗಳಿಗೆ ಈ ಎರಡು ದಾರಿಗಳೂ ಮುಚ್ಚಿವೆ. ಆದ್ದರಿಂದ ಇಂಥ ಷೇರು ತಿಂಗಳುಗಟ್ಟಲೆ ಬಿದ್ದರೆ ಅದಕ್ಕೆ ಶಾರ್ಟ್ ಮಾಡಿದವರನ್ನು ದೂರುವುದು ಸರಿಯಲ್ಲ.

2015ರಲ್ಲಿ ಕಂಪನಿ ತಲಾ 328 ರೂಪಾಯಿಗೆ ಷೇರು ನೀಡಿತು. 2019ರ ಜುಲೈ 29ರಂದು ಸಿದ್ಧಾರ್ಥ ನೇತ್ರಾವತಿ ನದಿಯ ಸೇತುವೆ ಬಳಿ ಕಾಣೆಯಾದರು. ಮರುದಿನ ಷೇರು ಸುಮಾರು 192ರಿಂದ 154ಕ್ಕೆ ಇಳಿದು, ದಿನದ ಇಳಿಕೆಯ ಮಿತಿಯಾದ ಲೋವರ್ ಸರ್ಕ್ಯೂಟ್ ಮುಟ್ಟಿತು. ಲೋವರ್ ಸರ್ಕ್ಯೂಟ್ ಬಿದ್ದಾಗ ಪರದೆಯ ಮೇಲೆ ಮಾರುವವರ ಸಾಲು ಬೆಳೆಯುತ್ತಲೇ ಹೋಗುತ್ತದೆ, ಕೊಳ್ಳುವವರ ಕಡೆ ಸೊನ್ನೆ ಇರುತ್ತದೆ. ನಷ್ಟಕ್ಕಾದರೂ ಹೊರಬರೋಣವೆಂದರೆ ಆಗುವುದಿಲ್ಲ. 2020ರ ಫೆಬ್ರವರಿಯಲ್ಲಿ, ಹಣಕಾಸು ಫಲಿತಾಂಶ ಸಲ್ಲಿಸದ ಕಾರಣಕ್ಕೆ ವಹಿವಾಟೇ ನಿಂತಿತು. ಆಗ ಬೆಲೆ 40ರ ಆಸುಪಾಸಿನಲ್ಲಿತ್ತು. ಮತ್ತೆ ಆರಂಭವಾದದ್ದು 2021ರ ಏಪ್ರಿಲ್‌ನಲ್ಲಿ. ಸಿದ್ಧಾರ್ಥರ ಖಾಸಗಿ ಸಂಸ್ಥೆಯೊಂದರಿಂದ ಕಾಫಿ ಡೇಯ ಅಂಗಸಂಸ್ಥೆಗಳಿಗೆ 3,535 ಕೋಟಿ ರೂಪಾಯಿ ಬರಬೇಕಿದೆ ಎಂದು ಈ ನಡುವೆ ತನಿಖಾ ವರದಿ ಹೇಳಿತ್ತು.

ಇಂಥ ಹೊತ್ತಿನಲ್ಲಿ ಬಿದ್ದ ಬೆಲೆಗೆ ಮತ್ತಷ್ಟು ಕೊಂಡು ‘ಆವರೇಜ್ ಮಾಡುವುದು’ ಸಾಮಾನ್ಯ. 328ರ ಷೇರು 40ಕ್ಕೆ ಸಿಗುತ್ತಿದೆ, ಇನ್ನೆಷ್ಟು ಬಿದ್ದೀತು ಎಂಬ ಲೆಕ್ಕ. ಆದರೆ 40 ಇದ್ದದ್ದು 20 ಆದರೂ ಹಾಕಿದ ಹಣದಲ್ಲಿ ಅರ್ಧ ಹೋಗುತ್ತದೆ. 40 ಇದ್ದದ್ದು 328 ಆಗಲು ಎಂಟು ಪಟ್ಟಿಗೂ ಹೆಚ್ಚಾಗಬೇಕು. ಕಂಪನಿಯ ಸಾಲ ನೋಡದೆ ಹಳೆಯ ಬೆಲೆಯನ್ನೇ ಅಳತೆಗೋಲು ಮಾಡಿಕೊಂಡವರು ಕಳೆದುಕೊಂಡದ್ದು ದುಡಿದ ಹಣ.

ಶಾರ್ಟ್ ಮಾಡುವವರಿಗೂ ಅಪಾಯ ಕಡಿಮೆಯಿಲ್ಲ. 2025ರ ಫೆಬ್ರವರಿ ಕೊನೆಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕಂಪನಿಯ ವಿರುದ್ಧದ ದಿವಾಳಿ ಪ್ರಕ್ರಿಯೆಯನ್ನು ರದ್ದುಮಾಡಿದಾಗ ಇದೇ ಷೇರು ದಿನದ ಏರಿಕೆಯ ಮಿತಿಯಾದ ಅಪ್ಪರ್ ಸರ್ಕ್ಯೂಟ್‌ಗೆ ಜಿಗಿಯಿತು. ಅಂಥ ದಿನ ಮಾರುವವರು ಇರುವುದಿಲ್ಲ. ಬೆಳಿಗ್ಗೆ ಶಾರ್ಟ್ ಮಾಡಿದವರು ಸಂಜೆಯೊಳಗೆ ಕೊಂಡು ತೀರಿಸಲಾಗದಿದ್ದರೆ ವಿನಿಮಯ ಕೇಂದ್ರ ಆ ಷೇರನ್ನು ಹರಾಜಿನಲ್ಲಿ ಕೊಂಡು, ವ್ಯತ್ಯಾಸವನ್ನು ಅವರಿಂದಲೇ ವಸೂಲು ಮಾಡುತ್ತದೆ.