ಮಾನಿಟರ ಎಂಬ ಹಳೆಯ ಹುದ್ದೆ

ಕಳೆದ ತಿಂಗಳು ಮಂಡ್ಯದ ಗೆಳೆಯರೊಬ್ಬರ ಮನೆಗೆ ಹೋಗಿದ್ದಾಗ ಅಲ್ಲೊಂದು ಸಣ್ಣ ವ್ಯಾಜ್ಯ ನಡೆದಿತ್ತು. ಅವರ ಮೊಮ್ಮಗಳು ಒಂಬತ್ತನೆಯ ತರಗತಿಯ ಹುಡುಗಿ. ಆಟಿಸಂ ಇರುವ ಸಹಪಾಠಿಯೊಬ್ಬನ ಪಕ್ಕದಲ್ಲಿ ಅವಳನ್ನು ಕೂರಿಸಿ, “ಇವನಿಗೆ ಸ್ವಲ್ಪ ಜೊತೆಯಾಗಿರಮ್ಮ” ಎಂದು ಟೀಚರು ಹೇಳಿದ್ದರಂತೆ. ಹುಡುಗಿಗೆ ಅದರಿಂದ ತೊಂದರೆಯೇನೂ ಕಂಡಿರಲಿಲ್ಲ, ಮನೆಯವರಿಗೆ ಕಂಡಿತ್ತು.

“ನೀವೇ ಹೇಳಿ ಮೇಷ್ಟ್ರೇ, ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಇವಳು ತನ್ನ ಪಾಠ ನೋಡ್ಕೊಳ್ಳೋದೋ, ಅವನಿಗೆ ಪಾಠ ಹೇಳೋದೋ? ಟೀಚರು ಮಾಡೋ ಕೆಲಸಾನ ಮಕ್ಕಳ ತಲೆಗೆ ಕಟ್ಟೋದು ಯಾವೂರ ನ್ಯಾಯ? ಇದೆಲ್ಲ ಎಲ್ಲಿಂದ ಬಂತು ಈ ಫಾರಿನ್ ಪದ್ಧತಿ?” ಎಂದರು ಗೆಳೆಯರು.

ಪ್ರಶ್ನೆಗಳು ಮೂರು. ನಾನು ಮೂವತ್ತು ವರ್ಷ ಚರಿತ್ರೆ ಹೇಳಿದವನಾದ್ದರಿಂದ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೊಳೆಯಿತು. ಒಬ್ಬ ಹುಡುಗ ಇನ್ನೊಬ್ಬ ಹುಡುಗನ ಕೈಹಿಡಿದು ಕಲಿಸುವ ಪದ್ಧತಿ ಪರದೇಶದಿಂದ ಇಲ್ಲಿಗೆ ಬಂದದ್ದಲ್ಲ. ಅದು ನಮ್ಮ ಜಗಲಿಯಿಂದ ಹಡಗು ಹತ್ತಿ ಪರದೇಶಕ್ಕೆ ಹೋದದ್ದು.

ಕೂಲಿಮಠದ ಹೆಸರನ್ನು ಹಿರಿಯ ವಾಚಕರು ಕೇಳಿರುತ್ತಾರೆ. ಯಾರದೋ ಮನೆಯ ಜಗಲಿ, ಇಲ್ಲವೆ ಊರ ಗುಡಿಯ ಪಡಸಾಲೆ. ಮಕ್ಕಳ ತಂದೆತಾಯಿಗಳು ಕೊಡುವ ಕಾಳುಕಡ್ಡಿ, ಕಾಸುಗಳ ಮೇಲೆ ಬದುಕುವ ಒಬ್ಬ ಐಗಳು. ನೆಲದ ಮೇಲೆ ಹರಡಿದ ಮರಳು. ಅದರಲ್ಲಿ ಬೆರಳಿಟ್ಟು ಅಕ್ಷರ ತಿದ್ದುವ ಮಕ್ಕಳು. ಐಗಳು ಒಬ್ಬರೇ; ಮಕ್ಕಳಾದರೋ ಬಗೆಬಗೆಯ ವಯಸ್ಸಿನವರು. ಆದ್ದರಿಂದ ಕಾಗುಣಿತ ಮುಗಿಸಿದವನು ಅಕ್ಷರ ತಿದ್ದುವವನಿಗೆ ಹೇಳಿಕೊಡುತ್ತಿದ್ದ. ಮಗ್ಗಿ ಬಂದವನು ಬಾರದವನಿಗೆ ಹೇಳಿಸುತ್ತಿದ್ದ. ಇದನ್ನು ಯಾರೂ ಒಂದು ಪದ್ಧತಿಯೆಂದು ಕರೆದಿರಲಿಲ್ಲ. ಮನೆಯಲ್ಲಿ ಅಕ್ಕ ತಮ್ಮನನ್ನು ಎತ್ತಿ ಆಡಿಸುವಷ್ಟೇ ಸಹಜವಾದ ನಡವಳಿಕೆ ಅದು.

ಇದಕ್ಕೆ ಪದ್ಧತಿಯೆಂಬ ಹೆಸರು ಬಂದದ್ದು ಮದರಾಸಿನಲ್ಲಿ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಅಲ್ಲಿನ ಎಗ್ಮೋರಿನಲ್ಲಿ, ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ತೆರೆದ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ. ಒಂದು ದಿನ ಕುದುರೆಯ ಮೇಲೆ ಹೋಗುತ್ತಿದ್ದಾಗ ನಾಡಶಾಲೆಯೊಂದರ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ತನ್ನ ಶಾಲೆಯಲ್ಲೂ ಹಾಗೆಯೇ ಕಲಿಸಿರೆಂದು ಉಪಾಧ್ಯಾಯರಿಗೆ ಹೇಳಿದರೆ, ಅವರಿಗೆ ಅದು ಒಗ್ಗಲಿಲ್ಲ. ಬೆಲ್ ಅವರನ್ನು ಬದಿಗಿಟ್ಟು ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನಿಗೆ ಅಕ್ಷರದ ತರಗತಿಯನ್ನು ಒಪ್ಪಿಸಿದ. ದೊಡ್ಡವರು ಆಗದೆಂದದ್ದು ಆ ಹುಡುಗನ ಕೈಯಲ್ಲಿ ಆಯಿತು. ಬೆಲ್ ಸ್ವದೇಶಕ್ಕೆ ಮರಳಿ 1797ರಲ್ಲಿ ಈ ಪ್ರಯೋಗದ ವರದಿಯನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಮುಂದೆ ಇಂಗ್ಲೆಂಡಿನ ಸಾವಿರಾರು ಶಾಲೆಗಳು ಹಿಡಿದ ಈ ದಾರಿಗೆ ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು. 1814ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಬಂಗಾಳಕ್ಕೆ ಬರೆದ ಪತ್ರದಲ್ಲಿ, ಇದು ಭಾರತದ ಹಳ್ಳಿಯ ಐಗಳಿಂದ ಪಡೆದ ಸಾಲವೆಂದು ತಾವಾಗಿಯೇ ಒಪ್ಪಿಕೊಂಡರು.

ಕನ್ನಡ ನಾಡಿನ ಸಾಕ್ಷ್ಯವೂ ಉಂಟು. ಮದರಾಸು ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಜಿಲ್ಲೆ ಜಿಲ್ಲೆಯ ಶಾಲೆಗಳನ್ನು ಎಣಿಸಿ ಕಳುಹಿಸಿರೆಂದು ಅಪ್ಪಣೆ ಮಾಡಿದ. ಮಂಡ್ಯ, ಮದ್ದೂರು, ಮಳವಳ್ಳಿಗಳು ಮೈಸೂರು ಅರಸರ ಸೀಮೆಯಾದ್ದರಿಂದ ನಮ್ಮ ಐಗಳು ಆ ಲೆಕ್ಕಕ್ಕೆ ಸೇರಲಿಲ್ಲ. ಬಳ್ಳಾರಿ ಸೇರಿತು. ಅಲ್ಲಿನ ಕಲೆಕ್ಟರ್ ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಬರೆದ ವರದಿಯಂತೆ ಜಿಲ್ಲೆಯಲ್ಲಿ 533 ಶಾಲೆಗಳು; ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕಲಿಯುವ ಮಕ್ಕಳು 6,641, ಎಂದರೆ ಶಾಲೆಗೆ ಸರಾಸರಿ ಹನ್ನೆರಡು ಮಂದಿ. ಮುಂದುವರಿದ ಹುಡುಗ ಹಿಂದುಳಿದವನಿಗೆ ಕಲಿಸುವ ಕ್ರಮವನ್ನು ಅವನು ಮನಸಾರೆ ಮೆಚ್ಚಿಕೊಂಡಿದ್ದಾನೆ. ಮೆಚ್ಚಲು ಅವನು ಕೊಟ್ಟ ಕಾರಣ ನನ್ನ ಗೆಳೆಯರ ಮೊದಲನೆಯ ಪ್ರಶ್ನೆಗೆ ನೇರವಾದ ಉತ್ತರ: ಹೇಳಿಕೊಡುವವನ ವಿದ್ಯೆಯೂ ಅದರಿಂದ ಗಟ್ಟಿಯಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಹಿರಿಯರ ಕೀರ್ತನೆಯಾಯಿತೇ ಹೊರತು ಚರಿತ್ರೆಯಾಗಲಿಲ್ಲ. ಅದೇ ವರದಿಯನ್ನು ಇನ್ನೊಂದಿಷ್ಟು ಓದಬೇಕು. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ಹಿಂದೆ ಬಂದಷ್ಟೂ ಏಟು ಹೆಚ್ಚು. ಸೋಮಾರಿಯೆನಿಸಿಕೊಂಡವನನ್ನು ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವುದೂ ಇತ್ತು. ಇಂಗ್ಲೆಂಡಿನವರು ಇದರಲ್ಲೇನೂ ಹಿಂದೆ ಬೀಳಲಿಲ್ಲ. ಬೆಲ್‌ನ ಪ್ರತಿಸ್ಪರ್ಧಿ ಜೋಸೆಫ್ ಲಾಂಕಾಸ್ಟರ್ ತಪ್ಪು ಮಾಡಿದ ಹುಡುಗನನ್ನು ಬುಟ್ಟಿಯಲ್ಲಿ ಕೂರಿಸಿ ಸೂರಿನಿಂದ ಇಳಿಬಿಡಿಸುತ್ತಿದ್ದ. ಎರಡು ಸೂರುಗಳ ಕೆಳಗೂ ನನಗೆ ಒಂದೇ ಅನುಮಾನ. ಹಾಗೆ ತೂಗಿದವರಲ್ಲಿ ಸೋಮಾರಿಗಳೆಷ್ಟು, ಮಾತು ತಡವಾಗಿ ಬಂದವರೆಷ್ಟು, ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಮೂಲೆ ಸೇರಿದವರೆಷ್ಟು? ಅದನ್ನು ಯಾವ ಕಲೆಕ್ಟರನೂ ಎಣಿಸಲಿಲ್ಲ.

ಇಂಗ್ಲೆಂಡಿನಲ್ಲಿ ಈ ಪದ್ಧತಿ ಕೆಟ್ಟದ್ದೂ ಹಣದ ಉಳಿತಾಯದಿಂದಲೇ. ಒಬ್ಬ ಉಪಾಧ್ಯಾಯನ ಸಂಬಳದಲ್ಲಿ ಸಾವಿರ ಮಕ್ಕಳಿಗೆ ಕಲಿಸಬಹುದೆಂದು ಲಾಂಕಾಸ್ಟರ್ ಹೇಳಿಕೊಂಡ. ಜೊತೆಗಾರನಾಗಿದ್ದ ಹುಡುಗ ಹೀಗೆ ಸಂಬಳವಿಲ್ಲದ ಉಪಾಧ್ಯಾಯನಾದ, ಪಾಠ ಗಿಣಿಪಾಠವಾಯಿತು. 1846ರಲ್ಲಿ ಸರಕಾರ ತರಬೇತಿ ಪಡೆಯುವ ಶಿಷ್ಯೋಪಾಧ್ಯಾಯರ ಬೇರೊಂದು ಕ್ರಮವನ್ನು ತಂದ ಮೇಲೆ ಹಳೆಯದು ಮೂಲೆಗೆ ಸರಿಯಿತು.

ನಮ್ಮಲ್ಲೂ ಕಾಲ ಬದಲಾಯಿತು. ಬಿ. ಎಲ್. ರೈಸ್ ಅವರು ಮೈಸೂರಿನ ವಿದ್ಯಾ ಇಲಾಖೆಯಲ್ಲಿದ್ದಾಗ, 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂದಿತು. ಜಗಲಿ ಹೋಗಿ ಬೆಂಚು ಬಂತು, ಹಾಜರಿ ಪುಸ್ತಕ ಬಂತು, ಗಂಟೆ ಬಂತು. ಇವುಗಳ ಜೊತೆಗೆ ಇಂಗ್ಲೆಂಡ್ ಸುತ್ತಿ ಬಂದ ಒಂದು ಮಾತೂ ನಮ್ಮ ಶಾಲೆಗಳಲ್ಲಿ ನೆಲೆಯೂರಿತು: ಮಾನಿಟರ್. ಲ್ಯಾಟಿನ್ ಮೂಲದಲ್ಲಿ ಇದಕ್ಕೆ ಎಚ್ಚರಿಸುವವನು, ಬುದ್ಧಿ ಹೇಳುವವನು ಎಂದು ಅರ್ಥ. ನಮ್ಮ ತರಗತಿಗಳಲ್ಲಿ ಅದಕ್ಕೆ ಉಳಿದ ಅರ್ಥ, ಮೇಷ್ಟ್ರು ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವನು. ಜಗಲಿಯ ಗೆಳೆಯ ಪೊಲೀಸನಾಗಿ ಹಿಂತಿರುಗಿದ್ದ.

ಈ ಹುದ್ದೆಯನ್ನು ನಾನೂ ವಹಿಸಿಕೊಂಡಿದ್ದೆ. 1964ರಲ್ಲಿ ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, ಮಳವಳ್ಳಿ ಕಡೆಯ ಹುಡುಗನೊಬ್ಬ ಸೋದರಮಾವನ ಮನೆಯಲ್ಲಿದ್ದುಕೊಂಡು ನಮ್ಮ ತರಗತಿಗೆ ಬರುತ್ತಿದ್ದ. ಅವನ ಊರ ಕಡೆಗೆ ರೈಲಿಲ್ಲ. ಮದ್ದೂರಿಗೆ ಬಂದ ಮೇಲೆ ರೈಲೇ ಅವನ ಜೀವವಾಯಿತು. ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಕೇಳಿದ ಪ್ರಶ್ನೆಯನ್ನೇ ಮತ್ತೆ ಹೇಳುತ್ತಿದ್ದ. ಮೈಸೂರು ಕಡೆಯ ಗಾಡಿ ಕೂಗಿತೆಂದರೆ ಪಾಠದ ನಡುವೆಯೇ ಎದ್ದು ಕಿಟಕಿಗೆ ಹೋಗುತ್ತಿದ್ದ. ನಾನು ನಿಷ್ಠೆಯಿಂದ ಅವನ ಹೆಸರನ್ನು ದಿನವೂ ಬೋರ್ಡಿನ ಮೇಲೆ ಬರೆದೆ. ಅವನು ದಿನವೂ ಏಟು ತಿಂದ. ತನಗೆ ಏಕೆ ಏಟು ಬೀಳುತ್ತಿದೆಯೆಂದು ಅವನಿಗೆ ತಿಳಿದಂತೆ ಕಾಣಲಿಲ್ಲ. ನನಗೂ ಅದನ್ನು ಯೋಚಿಸುವ ಅಗತ್ಯ ಕಾಣಲಿಲ್ಲ.

ಆಲೆಮನೆ ನಡೆಸುವವರ ಮಗನೊಬ್ಬ ಅವನ ಪಕ್ಕದಲ್ಲಿ ಕೂರುತ್ತಿದ್ದ. ಓದಿನಲ್ಲಿ ಸಾಧಾರಣ. ಒಂದು ದಿನ ಅವನು ಗಾಡಿ ಬರುವ ಹೊತ್ತಿಗೆ ಸ್ವಲ್ಪ ಮುಂಚೆ ಎದ್ದು, “ಸಾರ್, ಇವನ್ನ ಒಂದ್ ಗಳಿಗೆ ಆಚೆಗೆ ಕರ್ಕೊಂಡ್ ಹೋಗ್ಬರ್ತೀನಿ” ಎಂದು ಅಪ್ಪಣೆ ಕೇಳಿದ. ಮೇಷ್ಟ್ರು ಏನು ತೋರಿತೋ, ಹೂಂ ಎಂದರು. ಇಬ್ಬರೂ ಹೊರಗೆ ಹೋಗಿ ಗಾಡಿಯ ಹೊಗೆ ನೋಡಿಕೊಂಡು ಬಂದು ಕುಳಿತರು. ಅಂದು ಬರೆಯಲು ನನಗೆ ಹೆಸರು ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಆ ವರ್ಷದ ಕೊನೆಗೆ ಮಳವಳ್ಳಿಯ ಹುಡುಗ ಶಾಲೆ ಬಿಟ್ಟು ಊರಿಗೆ ಹೋದ. ಅವನಿಗಿದ್ದದ್ದು ಆಟಿಸಮ್ಮೇ ಎಂದು ಹೇಳಲು ನಾನು ವೈದ್ಯನಲ್ಲ. ನಮ್ಮ ತರಗತಿಯ ನಿಜವಾದ ಮಾನಿಟರ ಯಾರೆಂಬುದನ್ನು ಮಾತ್ರ ಹೇಳಬಲ್ಲೆ.

ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1943ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ ಹನ್ನೊಂದು ಮಕ್ಕಳನ್ನು ಕುರಿತು ಬರೆದು, ಆಟಿಸಂ ಎಂದು ಇಂದು ನಾವು ಕರೆಯುವ ಸ್ಥಿತಿಯನ್ನು ಬಿಡಿಸಿ ತೋರಿಸಿದ್ದ. ಆ ಹನ್ನೊಂದರಲ್ಲಿ ಮೊದಲನೆಯವನು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಅವನನ್ನು ಒಂದಷ್ಟು ಕಾಲ ಒಕ್ಕಲು ದಂಪತಿಗಳ ಹೊಲದ ಮನೆಯಲ್ಲಿ ಬಿಟ್ಟಿದ್ದರು. ಅವನಿಗೆ ಅಳೆಯುವ ಹುಚ್ಚು. ಅವರು ಬಾವಿ ತೋಡಲು ಹಚ್ಚಿ ಆಳ ಎಷ್ಟೆಂದು ಕೇಳಿದರು. ಜೋಳದ ಸಾಲುಗಳನ್ನು ಎಣಿಸುವ ಹುಚ್ಚು. ನೇಗಿಲು ಕೈಗೆ ಕೊಟ್ಟು, ಉಳುತ್ತ ಎಣಿಸು ಎಂದರು. ಅಲ್ಲಿನ ಹಳ್ಳಿಶಾಲೆ ಅವನನ್ನು ಇದ್ದ ಹಾಗೆಯೇ ಒಪ್ಪಿಕೊಂಡಿತೆಂದು ಕ್ಯಾನರ್ ತಾನೇ ಬರೆದಿದ್ದಾನೆ. ಕಬ್ಬಿನ ಸಾಲುಗಳ ನಡುವೆ ಬೆಳೆದ ನಮ್ಮ ಸೀಮೆಯವರಿಗೆ ಈ ಚಿಕಿತ್ಸೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಡೊನಾಲ್ಡನ ಹೈಸ್ಕೂಲಿನ ಕಥೆಯೊಂದಿದೆ. ಶಾಲೆಯ ಕಟ್ಟಡದಲ್ಲಿ ಇಟ್ಟಿಗೆ ಎಷ್ಟೆಂದು ಹುಡುಗರು ಕೇಳಿದರಂತೆ. ಅವನು ಒಮ್ಮೆ ಕಣ್ಣಾಡಿಸಿ ಒಂದು ಸಂಖ್ಯೆ ಹೇಳಿಬಿಟ್ಟನಂತೆ. ಎಷ್ಟೋ ವರ್ಷ ಊರೆಲ್ಲ ಅದನ್ನು ಪವಾಡವೆಂದು ಹೇಳಿಕೊಂಡಿತು. ಮುದುಕನಾದ ಮೇಲೆ ಪತ್ರಕರ್ತರು ಕೇಳಿದಾಗ, ಆ ಸಂಖ್ಯೆ ಬಾಯಿಗೆ ಬಂದದ್ದು, ಆ ಹುಡುಗರು ತನ್ನನ್ನು ಮೆಚ್ಚಿಕೊಳ್ಳಲಿ ಎಂಬ ಆಸೆಯಿಂದ ಹೇಳಿದ್ದು ಎಂದುಬಿಟ್ಟ. ಇಂಥ ಮಕ್ಕಳಿಗೆ ಗೆಳೆಯರು ಬೇಕಿಲ್ಲ, ಒಂಟಿತನವೇ ಇಷ್ಟ ಎಂದು ತಿಳಿದವರು ಈ ಉತ್ತರವನ್ನು ನೆನಪಿಡಬೇಕು. ಡೊನಾಲ್ಡ್ ಪದವಿ ಪಡೆದು, ತನ್ನೂರ ಬ್ಯಾಂಕಿನಲ್ಲಿ ಕೆಲಸ ಮಾಡಿ, ತನ್ನನ್ನು ಬಲ್ಲವರ ನಡುವೆ ಬದುಕಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡ.

ವಿದ್ವಾಂಸರು ಸಹಪಾಠಿಗಳ ನೆರವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಲು ತೊಡಗಿದ್ದು 1970ರ ದಶಕದಲ್ಲಿ. ಹೇಗೆ ಮಾತಿಗೆಳೆಯಬೇಕು, ಉತ್ತರಕ್ಕೆ ಎಷ್ಟು ಕಾಯಬೇಕು ಎಂಬುದನ್ನು ಜೊತೆಯ ಮಕ್ಕಳಿಗೆ ಮೊದಲು ಕಲಿಸಿದರೆ, ಆಟಿಸಂ ಇರುವ ಮಗು ಹೆಚ್ಚು ಬೆರೆಯುತ್ತದೆಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ‘ಮೊದಲು ಕಲಿಸಿದರೆ’ ಎಂಬ ಮಾತು ಇಲ್ಲಿ ಮುಖ್ಯ. ನಮ್ಮ ದೇಶದಲ್ಲಿ ಕಾನೂನು ತಡವಾಗಿ ಕಣ್ಣು ತೆರೆಯಿತು. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಬಂತು. 2016ರ ಕಾಯಿದೆ ಅದನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದೆಂದು ಎಣಿಸಿ, ಎಲ್ಲರ ಜೊತೆಯಲ್ಲೇ ಕೂತು ಓದುವ ಹಕ್ಕನ್ನೂ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವ ಸಹಾಯಕ ಮೊದಲಾದ ಅನುಕೂಲಗಳನ್ನೂ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಹಪಾಠಿಗಳು ಪರಸ್ಪರ ಕಲಿಸುವುದನ್ನು ಹೆಸರಿಟ್ಟು ಹೊಗಳಿದೆ. ಮಂಡ್ಯದವರಿಗೆ ಮಾರ್ಗದರ್ಶನವೂ ದೂರವಿಲ್ಲ; 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ.

ಇನ್ನು ಉಳಿದದ್ದು ಗೆಳೆಯರ ಎರಡನೆಯ ಪ್ರಶ್ನೆ, ಟೀಚರ ಕೆಲಸವನ್ನು ಮಕ್ಕಳ ತಲೆಗೆ ಕಟ್ಟುವುದು ಯಾವ ನ್ಯಾಯ ಎಂಬುದು. ಅದು ನ್ಯಾಯವಲ್ಲ. ಲಾಂಕಾಸ್ಟರನ ಶಾಲೆಗಳು ಬಿದ್ದದ್ದೇ ಅಲ್ಲಿ. ಪಾಠದ ಹೊಣೆ ಟೀಚರದೇ ಆಗಿರಬೇಕು. ಜೊತೆಗೆ ಕೂರುವುದು ಒಂದೇ ಹುಡುಗಿಯ ಪಾಲಿಗೆ ಬೀಳದೆ, ಇಬ್ಬರು ಮೂವರು ಸರದಿಯಂತೆ ಕೂರಬೇಕು. ಯಾರ ಜೊತೆ ಹಿತ ಎಂದು ಆ ಹುಡುಗನನ್ನೂ ಕೇಳಬೇಕು. ಇಷ್ಟನ್ನು ಶಾಲೆಗೆ ಹೋಗಿ ಹೇಳಿಬನ್ನಿ, ಅವಳನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿ ಎಂದು ಮಾತ್ರ ಹೇಳಬೇಡಿ ಎಂದೆ.

ಗೆಳೆಯರು ಅರೆಮನಸ್ಸಿನಿಂದ ತಲೆದೂಗಿದರು. ಅಷ್ಟರಲ್ಲಿ ಕಾಫಿ ತಂದ ಹುಡುಗಿಯನ್ನು, “ಅವನ ಜೊತೆ ಏನಮ್ಮ ಮಾಡ್ತೀಯ?” ಎಂದು ಕೇಳಿದೆ.

“ಏನೂ ಇಲ್ಲ ತಾತ. ಬೆಲ್ಲು ಹೊಡೆದ್ರೆ ಅವನಿಗೆ ಆಗಲ್ಲ. ಅದಕ್ಕೆ ಎರಡು ನಿಮಿಷ ಮುಂಚೆ ಹೇಳ್ತೀನಿ. ಕಿವಿ ಮುಚ್ಕೊತಾನೆ. ಆಮೇಲೆ ಇಬ್ರೂ ಲೆಕ್ಕ ಮಾಡ್ತೀವಿ” ಎಂದಳು.

ಆಲೆಮನೆಯ ಹುಡುಗ ಮಾಡಿದ್ದೂ ಅಷ್ಟೇ. ಬರುವುದನ್ನು ಸ್ವಲ್ಪ ಮುಂಚೆ ಹೇಳುವುದು. ಎಚ್ಚರಿಸುವವನು ಎಂಬ ಆ ಹಳೆಯ ಲ್ಯಾಟಿನ್ ಮಾತಿಗೆ ಸರಿಯಾದ ಅರ್ಥ ಸಿಕ್ಕಿದ್ದು ನನಗೆ ಮಂಡ್ಯದ ಆ ಮನೆಯ ಹಜಾರದಲ್ಲಿ. ಅರವತ್ತು ವರ್ಷ ತಡವಾಗಿ.